ಹುಳಿ, ಬೂದಿ, ಚೌಳು: ಬೆಂಗಳೂರು ಗ್ರಾಮಾಂತರ ಸೀಮೆಯ ಗೃಹಶುದ್ಧಿ ದ್ರವ್ಯಗಳ ಚರಿತ್ರೆಗೆ ಒಂದು ಪೀಠಿಕೆ

೧

ಅರಮನೆಯ ಪಾಕಶಾಲೆಯಲ್ಲಿ ಏನು ಬೇಯುತ್ತಿತ್ತೆಂಬುದನ್ನು ತಿಳಿಯಬಯಸುವವರಿಗೆ ನಮ್ಮ ಸಾಹಿತ್ಯದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ೧೬ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಒಂದೇ ಸಾಕು. ಆದರೆ ಪಾಕ ಮುಗಿದು, ಊಟವಾಗಿ, ಎಲೆ ಎತ್ತಿದ ಬಳಿಕ ಆ ಪಾತ್ರೆಗಳನ್ನು ಯಾರು, ಯಾವುದರಿಂದ, ಎಷ್ಟು ಹೊತ್ತು ತಿಕ್ಕಿದರು ಎಂದು ಕೇಳಿದರೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಪಾಕಶಾಸ್ತ್ರಕ್ಕೆ ಮುಖ್ಯ ವಿಷಯ ಪಾಕ. ಅದರ ನಂತರದ ಮುಸುರೆಯಲ್ಲ. ಶಾಸನಗಳಲ್ಲಿ ಭೂಮಿ, ಕೆರೆ, ದತ್ತಿ, ತೆರಿಗೆಗಳ ವಿಷಯ ಉಂಟು. ೧೯೦೫ರಲ್ಲಿ ಬಿ. ಎಲ್. ರೈಸರು ಪ್ರಕಟಿಸಿದ ‘ಎಪಿಗ್ರಾಫಿಯ ಕರ್ಣಾಟಿಕ’ದ ೯ನೆಯ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳು ಸಂಗ್ರಹವಾಗಿವೆ. ಈ ಊರುಗಳ ಗೌಡರನ್ನೂ ಕೆರೆಗಳನ್ನೂ ಅಲ್ಲಿ ಕಾಣಬಹುದು. ಅವರ ಮನೆಯ ಹಿತ್ತಿಲನ್ನು ಕಾಣಲಾಗದು.

ಈ ನಾಲ್ಕು ತಾಲ್ಲೂಕುಗಳೇ ಪ್ರಕೃತ ಲೇಖನದ ಕ್ಷೇತ್ರ. ೧೯೮೬ರಲ್ಲಿ ಹಳೆಯ ಬೆಂಗಳೂರು ಜಿಲ್ಲೆ ಎರಡಾಗಿ ಒಡೆದು ಬೆಂಗಳೂರು ಗ್ರಾಮಾಂತರ ಜಿಲ್ಲೆ ರೂಪುಗೊಂಡಿತು; ೨೦೦೭ರಲ್ಲಿ ರಾಮನಗರ ಜಿಲ್ಲೆ ಪ್ರತ್ಯೇಕವಾದ ತರುವಾಯ ಇವು ನಾಲ್ಕೇ ಅದರಲ್ಲಿ ಉಳಿದುವು. ರಾಗಿ ಬೆಳೆಯುವ ಬಯಲು, ಕೆರೆಯ ಹಿಂದಣ ಗದ್ದೆ, ಊರೂರಿಗೆ ಹುಣಸೆಯ ತೋಪು, ಪಟ್ಟಣಗಳಲ್ಲಿ ನೆಯ್ಗೆ—ಈ ಸೀಮೆಯ ಹಳೆಯ ಸ್ವರೂಪ ಇದು.

ಇಲ್ಲಿ ಪ್ರತಿಪಾದಿಸಬೇಕಾದ ವಿಷಯ ಒಂದೇ. ಈ ಸೀಮೆಯ ಮನೆಗಳಲ್ಲಿ ಶುಚಿಗೊಳಿಸಲು ಬಳಸುತ್ತಿದ್ದ ವಸ್ತುಗಳಲ್ಲಿ ಬಹುಭಾಗ ಮೊದಲು ಆಹಾರವಾಗಿಯೋ ಉರುವಲಾಗಿಯೋ ಉಪಯೋಗವಾಗಿ, ಅನಂತರ ಎರಡನೆಯ ಸಲ ಕೆಲಸಕ್ಕೆ ಬಂದುವು. ಆದುದರಿಂದ ಅವುಗಳ ಚರಿತ್ರೆಯನ್ನು ‘ಸಾಬೂನು ಬಂತು, ಬೂದಿ ಹೋಯಿತು’ ಎಂಬ ಒಂದು ವಾಕ್ಯದಲ್ಲಿ ಮುಗಿಸುವಂತಿಲ್ಲ. ಪಾತ್ರೆಯ ಲೋಹ, ಒಲೆಯ ಉರುವಲು, ಬಾವಿಯ ನೀರು—ಈ ಮೂರೂ ಬದಲಾದಾಗಲೇ ಆ ದ್ರವ್ಯಗಳು ಅಡುಗೆಮನೆಯನ್ನು ಬಿಟ್ಟು ಹೋದುವು.

೨

ಬರೆಹದ ಆಧಾರ ವಿರಳವಾದಲ್ಲಿ ಭಾಷೆಯೇ ಮೊದಲ ದಾಖಲೆ. ಶುಚಿಗೊಳಿಸುವ ಕ್ರಿಯೆಗೆ ಕನ್ನಡದಲ್ಲಿ ಒಂದೇ ಧಾತುವಿಲ್ಲ. ಬಟ್ಟೆಯನ್ನು ಒಗೆಯುತ್ತೇವೆ, ನೆಲವನ್ನು ಸಾರಿಸುತ್ತೇವೆ, ಮುಸುರೆಯನ್ನು ತಿಕ್ಕುತ್ತೇವೆ, ಹಿತ್ತಾಳೆಯ ಪಾತ್ರೆಯನ್ನು ಬೆಳಗುತ್ತೇವೆ, ಸಾಬೂನು ಹೋಗುವಂತೆ ಬಟ್ಟೆಯನ್ನು ಜಾಲಿಸುತ್ತೇವೆ. ‘ಒಗೆ’ ಎಂಬುದಕ್ಕೆ ‘ಎಸೆ’ ಎಂಬ ಅರ್ಥ ಉತ್ತರ ಕರ್ಣಾಟಕದ ಆಡುನುಡಿಯಲ್ಲಿ ಇಂದಿಗೂ ಉಂಟು; ಬಟ್ಟೆಯನ್ನು ಎತ್ತಿ ಕಲ್ಲಿಗೆ ಬಡಿಯುವ ಕ್ರಿಯೆಯ ಚಿತ್ರ ಆ ಧಾತುವಿನಲ್ಲಿದೆ. ‘ಬೆಳಗು’ ಎಂಬುದು ಆರತಿಗೂ ಸಲ್ಲುತ್ತದೆ, ಚೊಂಬಿಗೂ ಸಲ್ಲುತ್ತದೆ. ಕೊಳೆ ತೆಗೆಯುವುದಷ್ಟೇ ಅಲ್ಲದೆ ಹೊಳಪು ಬರಿಸುವುದೂ ಅದರ ಅರ್ಥ. ಮಣ್ಣಿನ ಮಡಕೆಯನ್ನು ಯಾರೂ ‘ಬೆಳಗುವುದಿಲ್ಲ’, ತೊಳೆಯುತ್ತಾರೆ. ತಾಮ್ರ, ಹಿತ್ತಾಳೆ, ಕಂಚುಗಳಿದ್ದ ಮನೆಯಲ್ಲಿ ಮಾತ್ರ ಆ ಕ್ರಿಯಾಪದಕ್ಕೆ ಕೆಲಸ.

ಇನ್ನೊಂದು ನಿದರ್ಶನ ಇದಕ್ಕಿಂತ ಹಳೆಯದು. ಹಳಗನ್ನಡದಲ್ಲಿ ತೊಳೆಯುವುದಕ್ಕೆ ‘ಕರ್ಚು’ ಎಂಬ ಧಾತುವಿತ್ತು. ಸ್ವತಂತ್ರ ಕ್ರಿಯಾಪದವಾಗಿ ಅದು ಬಳಕೆಯಿಂದ ಮರೆಯಾದರೂ ಅಕ್ಕಿ ತೊಳೆದ ನೀರಿನ ಹೆಸರಾದ ‘ಅಕ್ಕಚ್ಚು’ ಎಂಬಲ್ಲಿಯೂ, ದನಕ್ಕೆ ಕುಡಿಯಲಿಡುವ ‘ಕಲಗಚ್ಚು’ ಎಂಬಲ್ಲಿಯೂ ಉಳಿದುಬಂದಿದೆ. ಕಾವ್ಯಗಳು ಕೈಬಿಟ್ಟ ಧಾತುವನ್ನು ಕೊಟ್ಟಿಗೆ ಮತ್ತು ಅಡುಗೆಮನೆಗಳು ಕಾಪಾಡಿದುವು. ತೊಳೆದ ನೀರಿಗೆ ಪ್ರತ್ಯೇಕವಾದ ಹೆಸರು ಇದ್ದಿತೆಂಬುದೇ ಅದು ಚೆಲ್ಲುವ ವಸ್ತುವಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ.

೩

ಭಾಷೆಯ ತರುವಾಯ ಶಾಸ್ತ್ರ. ಧರ್ಮಶಾಸ್ತ್ರ ಗ್ರಂಥಗಳಲ್ಲಿ ‘ದ್ರವ್ಯಶುದ್ಧಿ’ ಎಂಬ ಪ್ರಕರಣವುಂಟು. ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯದಲ್ಲಿ ಬರುವ ಈ ಪ್ರಕರಣ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಏಕೆಂದರೆ ಅದಕ್ಕೆ ಪ್ರಸಿದ್ಧವಾದ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ ಕರ್ಣಾಟಕದಲ್ಲಿಯೇ ಇದ್ದವನು. ತವರ, ಸೀಸ, ತಾಮ್ರಗಳಿಗೆ ಕ್ಷಾರ, ಆಮ್ಲ ಮತ್ತು ನೀರು, ಉಣ್ಣೆ ಮತ್ತು ರೇಷ್ಮೆಗಳಿಗೆ ‘ಊಷ’ವೆಂಬ ಚೌಳುಮಣ್ಣು, ನೀರು ಮತ್ತು ಗೋಮೂತ್ರ, ಕುತಪವೆಂಬ ಕಂಬಳಿಗೆ ಅರಿಷ್ಟಕ, ಎಂದರೆ ಅಂಟುವಾಳಕಾಯಿ, ನವುರಾದ ಅಂಶುಪಟ್ಟಕ್ಕೆ ಬಿಲ್ವಫಲ—ಇದು ಅಲ್ಲಿಯ ವಿಧಿ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೂ ಇದೇ ಬಗೆಯ ಪಟ್ಟಿಯಿದೆ; ಅಲ್ಲಿ ನಾರುಬಟ್ಟೆಗೆ ಬಿಳಿಯ ಸಾಸುವೆಯನ್ನು ಹೇಳಿದೆ.

ಈ ವಿಧಿಗಳಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಒಂದನೆಯದು, ಶುದ್ಧಿಯ ಅಳತೆ. ಅಶುಚಿಯಾದ ವಸ್ತುವಿನಿಂದ ಗಂಧವೂ ಲೇಪವೂ ಹೋಗುವವರೆಗೆ ಮಣ್ಣು ನೀರುಗಳಿಂದ ತೊಳೆಯಬೇಕೆಂದು ಮನು ಹೇಳುತ್ತಾನೆ. ಮಂತ್ರದಿಂದಲ್ಲ, ಮೂಗಿನಿಂದಲೂ ಬೆರಳಿನಿಂದಲೂ ನಿರ್ಣಯಿಸಬೇಕಾದ ಪರೀಕ್ಷೆ ಇದು. ಎರಡನೆಯದು, ವಸ್ತುವಿಗೆ ತಕ್ಕ ದ್ರವ್ಯ ಎಂಬ ವಿವೇಕ. ಲೋಹಕ್ಕೆ ಹೇಳಿದ ಹುಳಿಯನ್ನು ರೇಷ್ಮೆಗೆ ಹೇಳಿಲ್ಲ; ಕಂಬಳಿಗೆ ಹೇಳಿದ ಅಂಟುವಾಳವನ್ನು ತಾಮ್ರಕ್ಕೆ ಹೇಳಿಲ್ಲ. ಇದು ಕಂಡು ಮಾಡಿ ಅರಿತವರ ಅನುಭವ. ಶಾಸ್ತ್ರಕಾರರು ಅದನ್ನು ಸೂತ್ರಕ್ಕೆ ಅಳವಡಿಸಿದರು.

ಆದರೆ ಕಂಡು ಮಾಡಿದವರು ಯಾರೆಂಬುದನ್ನು ಈ ಗ್ರಂಥಗಳು ಹೇಳುವುದಿಲ್ಲ. ಅಷ್ಟೇ ಅಲ್ಲ, ದ್ರವ್ಯದ ಶುದ್ಧಿಯನ್ನು ಹೇಳಿದ ಶಾಸ್ತ್ರವೇ ಬಟ್ಟೆ ಒಗೆಯುವ ರಜಕನನ್ನು ಕೆಳಗಿನ ಸ್ಥಾನದಲ್ಲಿರಿಸಿತು. ಶುದ್ಧಿಯ ಉಪಾಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನೇ ಅಶುದ್ಧನೆನಿಸಿಕೊಂಡನು. ೧೨ನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವನು ಆ ಕಾಯಕವನ್ನೇ ಶರಣಜೀವನದ ಮಾರ್ಗವನ್ನಾಗಿ ಮಾಡಿಕೊಂಡುದರ ಮಹತ್ತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ.

೪

ಇನ್ನು ನಮ್ಮ ಸೀಮೆಯ ದ್ರವ್ಯಗಳನ್ನು ಒಂದೊಂದಾಗಿ ಪರಿಶೀಲಿಸಬಹುದು. ಮೊದಲನೆಯದು ಹುಣಸೆ. ಆಫ್ರಿಕದ ಮೂಲದ ಈ ಮರ ಬಹು ಪ್ರಾಚೀನ ಕಾಲದಲ್ಲಿಯೇ ಭಾರತಕ್ಕೆ ಬಂದು ಇಲ್ಲಿಯದೇ ಆಯಿತು. ಅರಬರು ಅದನ್ನು ‘ಹಿಂದೂ ದೇಶದ ಖರ್ಜೂರ’ವೆಂದು ಕರೆದರು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು ೫೪ ಎಕರೆ ವಿಸ್ತಾರದ ಹುಣಸೆಯ ತೋಪಿದೆ. ಸುಮಾರು ೩೦೦ ಮರಗಳಿರುವ ಈ ತೋಪು ೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ೨೦೦೭ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಜನರು ಇದನ್ನು ಚೋಳರ ಕಾಲದ್ದೆಂದು ಹೇಳುತ್ತಾರೆ. ಆ ಐತಿಹ್ಯವನ್ನು ಐತಿಹ್ಯವಾಗಿಯೇ ಉಳಿಸಿಕೊಂಡರೂ, ಅಲ್ಲಿಯ ಒಂದು ಮರದ ವಯಸ್ಸು ೪೦೦ ವರ್ಷ ಮೀರಿದುದೆಂದು ಪರೀಕ್ಷೆಯಿಂದ ತಿಳಿದುಬಂದಿದೆ. ಅಂತು ಈ ಸೀಮೆಯಲ್ಲಿ ಹುಣಸೆಯ ಬಳಕೆ ನಿನ್ನೆ ಮೊನ್ನೆಯದಲ್ಲ.

ರಾಗಿಯ ಮುದ್ದೆಗೆ ಸಾರು ಬೇಕು, ಸಾರಿಗೆ ಹುಳಿ ಬೇಕು. ಹಣ್ಣನ್ನು ನೆನೆಹಾಕಿ ಕಿವುಚಿ ರಸವನ್ನು ಸಾರಿಗೆ ಬಿಟ್ಟ ಮೇಲೆ ಕೈಯಲ್ಲಿ ನಾರೂ ಸಿಪ್ಪೆಯೂ ಉಳಿಯುತ್ತವೆ. ಈ ಗಸಿಯೇ ಪಾತ್ರೆ ಬೆಳಗುವ ಸಾಮಗ್ರಿ. ಹೊಸ ಹಣ್ಣನ್ನು ಅದಕ್ಕಾಗಿ ಕೆಡಿಸುವ ವಾಡಿಕೆ ಮಿತವ್ಯಯದ ಮನೆಯಲ್ಲಿರಲಿಲ್ಲ. ಹಿಂಡಿದ ನಿಂಬೆಯ ಹೋಳಿಗೆ ಉಪ್ಪು ಸವರಿ ದೀಪದ ಕಂಬವನ್ನು ಉಜ್ಜುವುದೂ, ಕುಡಿಯಲಾಗದಷ್ಟು ಹುಳಿತ ಮಜ್ಜಿಗೆಯಲ್ಲಿ ಹಿತ್ತಾಳೆಯ ಪಾತ್ರೆಯನ್ನು ನೆನೆಯಿಡುವುದೂ ಇದೇ ನ್ಯಾಯದಿಂದ ಬಂದ ಪದ್ಧತಿಗಳು.

ಇದರ ರಸಾಯನ ಸರಳವಾದುದು. ತಾಮ್ರವೂ ತಾಮ್ರದ ಮಿಶ್ರಲೋಹವಾದ ಹಿತ್ತಾಳೆಯೂ ಗಾಳಿಗೆ ಕಂದಿ ಮೇಲೆ ಆಕ್ಸೈಡಿನ ಪೊರೆಯನ್ನು ಕಟ್ಟುತ್ತವೆ. ತೇವದಲ್ಲಿ ಹಸುರು ಕಿಲುಬು ಹಿಡಿಯುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ, ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಈ ಪೊರೆಯನ್ನು ಕರಗಿಸುತ್ತವೆ. ಉಪ್ಪು ಸೇರಿದರೆ ಕ್ರಿಯೆ ಚುರುಕಾಗುತ್ತದೆ. ಇಂದು ತುಕ್ಕಿನ ಕಲೆಯನ್ನು ತೆಗೆಯಲು ಕೋಲಾ ಪಾನೀಯವನ್ನು ಸುರಿಯುವವರುಂಟು. ಅದರಲ್ಲಿರುವ ಫಾಸ್ಫರಿಕ್ ಆಮ್ಲ ಮಾಡುವ ಕೆಲಸವೂ ಈ ಜಾತಿಯದೇ. ಪಾನೀಯ ಹೊಸದು, ನ್ಯಾಯ ಹಳೆಯದು.

ಕೊಳೆ ಕಳೆಯುವ ಇದೇ ಹುಳಿ ಆಹಾರವನ್ನು ವಿಷವಾಗಿಸಬಲ್ಲುದು. ಹುಳಿಸಾರು ಬರಿಯ ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿ ನಿಂತರೆ ಲೋಹ ಕರಗಿ ಸಾರಿಗೆ ಇಳಿಯುತ್ತದೆ. ಅದಕ್ಕಾಗಿಯೇ ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕಿಸಬೇಕಾಯಿತು. ನವಸಾಗರದ ಹೊಗೆಯೊಡನೆ ಬೀದಿಯಲ್ಲಿ ಕುಳಿತು ಕೆಲಸಮಾಡುತ್ತಿದ್ದ ಕಲಾಯಿಗಾರನು ಹಳ್ಳಿಗೆ ಅನಿವಾರ್ಯನಾದನು. ಸಾರಿಗೆ ಮಣ್ಣಿನ ಮಡಕೆಯೋ ಕಲ್ಲುಚಟ್ಟಿಯೋ ಮೇಲೆಂದು ಹಿರಿಯರು ಎಣಿಸಿದುದಕ್ಕೆ ಕಾರಣ ರುಚಿಯೊಂದೇ ಅಲ್ಲ. ಒಳಗೆ ಕಲಾಯಿ, ಹೊರಗೆ ಹುಣಸೆ ಎಂಬ ಈ ವಿಭಾಗದಲ್ಲಿ ಹುಳಿಯ ಗುಣ ದೋಷಗಳೆರಡರ ಅರಿವೂ ಅಡಗಿದೆ.

೫

ಎರಡನೆಯ ದ್ರವ್ಯ ಬೂದಿ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಒದ್ದೆಯ ಬೂದಿ ಪಾತ್ರೆಯ ಜಿಡ್ಡಿನೊಡನೆ ಸೇರಿದಾಗ ಅಲ್ಪ ಪ್ರಮಾಣದಲ್ಲಿ ಸಾಬೂನೇ ಹುಟ್ಟುತ್ತದೆ. ತಿಕ್ಕುವ ಕೈಗೆ ನುಣುಪು ತೋರುವುದು ಇದರಿಂದ. ಬೆರಣಿಯ ಬೂದಿಯಲ್ಲಿ ಮರಳಿನಂಶ ಹೆಚ್ಚು. ಅದು ಕರಗಿಸುವುದಕ್ಕಿಂತ ಹೆಚ್ಚಾಗಿ ಉಜ್ಜಿ ತೆಗೆಯುತ್ತದೆ. ಸೌದೆ ದುರ್ಲಭವಾದ ಬಯಲುಸೀಮೆಯಲ್ಲಿ ಒಲೆಗೆ ಎರಡೂ ಬೀಳುತ್ತಿದ್ದುದರಿಂದ ಒಲೆಯ ಬೂದಿಯಲ್ಲಿ ಎರಡರ ಗುಣವೂ ಕೂಡಿರುತ್ತಿತ್ತು. ತಿಕ್ಕಲು ತೆಂಗಿನ ನಾರು, ರಾಗಿಹುಲ್ಲಿನ ಸಿಂಬಿ, ಒಣಗಿದ ಹೀರೆಕಾಯಿಯ ಜಾಲ.

ಅಕ್ಕಚ್ಚಿನ ವಿಷಯದಲ್ಲಿ ಈ ಸೀಮೆಗೂ ಮಲೆನಾಡಿಗೂ ಭೇದವುಂಟು. ಇಲ್ಲಿ ನಿತ್ಯದ ಆಹಾರ ರಾಗಿ. ಅಕ್ಕಿ ಕೆರೆಯ ಹಿಂದಣ ಗದ್ದೆಯುಳ್ಳವರದು, ಇಲ್ಲವೆ ಹಬ್ಬದ ದಿನದ್ದು. ಆದುದರಿಂದ ಅಕ್ಕಿ ತೊಳೆದ ನೀರು, ಬಟ್ಟೆಗೆ ಹಾಕುವ ಅನ್ನದ ಗಂಜಿ ಮೊದಲಾದವು ಎಲ್ಲ ಮನೆಗಳಲ್ಲಿಯೂ ಸಮಾನವಾಗಿ ದೊರೆಯುತ್ತಿರಲಿಲ್ಲ. ಗಂಜಿ ಹಾಕಿದ ಬಟ್ಟೆಯ ಗರಿ ಗದ್ದೆಯ ಗುರುತೂ ಆಗಿತ್ತು.

ಬಳಸಿದ ಮೇಲೆ ಈ ದ್ರವ್ಯಗಳು ಎಲ್ಲಿಗೆ ಹೋಗುತ್ತಿದ್ದುವೆಂಬುದು ಮುಖ್ಯವಾದ ಪ್ರಶ್ನೆ. ಅಕ್ಕಚ್ಚು ಮತ್ತು ಉಳಿದ ಅನ್ನದ ತಿಳಿ ದನದ ಕಲಗಚ್ಚಿಗೆ. ಬೂದಿ ಬೆರೆತ ನೀರು ಬಚ್ಚಲಿನಿಂದ ಹರಿದು ಹಿತ್ತಿಲ ಬಾಳೆಗೆ, ಕೆಸವಿಗೆ. ಮಿಕ್ಕ ಬೂದಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಅಡುಗೆಮನೆ, ಕೊಟ್ಟಿಗೆ, ಹಿತ್ತಿಲು, ಹೊಲ—ಈ ನಾಲ್ಕೂ ಒಂದೇ ಹರಿವಿನ ಅಂಗಗಳಾಗಿದ್ದುವು. ದನ ಕುಡಿಯಲಾರದ ದ್ರವ್ಯವನ್ನು ಕಲಗಚ್ಚಿನ ಪಾತ್ರೆಗೆ ಸೋಕಿಸುವಂತಿರಲಿಲ್ಲ. ಹೀಗೆ ಕೊಟ್ಟಿಗೆಯೇ ಅಡುಗೆಮನೆಗೆ ಒಂದು ಕಟ್ಟಳೆಯಾಗಿತ್ತು.

೬

ಮೂರನೆಯ ದ್ರವ್ಯವಾದ ಚೌಳು ಮನೆಯೊಳಗಿನದಲ್ಲ. ನೀರು ನಿಂತು ಆರುವ ತಗ್ಗಿನ ನೆಲದಲ್ಲಿ ಬೇಸಗೆಯ ಕಾಲಕ್ಕೆ ಬಿಳುಪಾಗಿ ಮೇಲೇಳುವ ಮಣ್ಣು ಅದು. ಸೋಡಾ ಕ್ಷಾರ ಅದರ ಸಾರ. ಉಳುವವನಿಗೆ ಅದು ಕೇಡು, ಅಗಸನಿಗೆ ಬಂಡವಾಳ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ತನ್ನ ಪ್ರವಾಸ ವೃತ್ತಾಂತದಲ್ಲಿ, ಬೆಂಗಳೂರಿನ ಬಣ್ಣಗಾರರ ಕೆಲಸವನ್ನು ವಿವರಿಸುತ್ತ, ಈ ಅಶುದ್ಧ ಸೋಡಾವನ್ನು ‘ಸವುಳು’ ಎಂಬ ದೇಶೀಯ ಹೆಸರಿನಿಂದಲೇ ಉಲ್ಲೇಖಿಸಿದ್ದಾನೆ. ಶಾಸ್ತ್ರದ ‘ಊಷ’ವೂ ಬಣ್ಣಗಾರನ ಸವುಳೂ ಒಂದೇ ವರ್ಗದ ವಸ್ತುಗಳೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಅಗಸನು ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣದ ಬಳಿ ಧಾನ್ಯದ ಪಾಲು ಅವನ ಸಂಬಳ. ವಿಜಯನಗರ ಕಾಲದ ಶಾಸನಗಳಲ್ಲಿ ವೃತ್ತಿತೆರಿಗೆ ತೆರುವವರ ನಡುವೆ ಅವನೂ ಬರುತ್ತಾನೆ. ಗಮನಿಸಬೇಕಾದುದೇನೆಂದರೆ, ಬಟ್ಟೆಯ ಶುಚಿ ಆಯದ ಲೆಕ್ಕಕ್ಕೂ ತೆರಿಗೆಯ ಲೆಕ್ಕಕ್ಕೂ ಬಂದುದರಿಂದ ಅದರ ಕುರುಹು ದಾಖಲೆಯಲ್ಲಿ ಉಳಿಯಿತು. ಪಾತ್ರೆಯ ಶುಚಿ ಮನೆಯ ಹೆಂಗಸರ ಪಾಲಿಗೆ ಕೂಲಿಯಿಲ್ಲದ ಕೆಲಸವಾದುದರಿಂದ ಯಾವ ಲೆಕ್ಕಕ್ಕೂ ಬಾರದೆ ಹೋಯಿತು.

ಚೌಳಿನ ಕಾಟು ತಾಳಲಾರದ ರೇಷ್ಮೆಸೀರೆಗೂ ಒಡವೆಗೂ ಅಂಟುವಾಳ. ಅಂಟುವಾಳಕಾಯಿಯಲ್ಲಿಯೂ ಸೀಗೆಕಾಯಿಯಲ್ಲಿಯೂ ಇರುವ ಸ್ಯಾಪೊನಿನ್ ನೀರಿನಲ್ಲಿ ನೊರೆಯೇಳುತ್ತದೆ. ಕ್ಷಾರವಿಲ್ಲದೆಯೇ ಜಿಡ್ಡನ್ನು ಬಿಡಿಸುತ್ತದೆ. ರೇಷ್ಮೆಯ ನೆಯ್ಗೆಗೆ ಹೆಸರಾದ ದೊಡ್ಡಬಳ್ಳಾಪುರದಂತಹ ಪಟ್ಟಣವಿರುವ ಸೀಮೆಯಲ್ಲಿ ಈ ವಿವೇಕಕ್ಕೆ ವಿಶೇಷ ಬೆಲೆಯಿತ್ತು. ಕಚ್ಚಾ ರೇಷ್ಮೆಯ ಅಂಟನ್ನು ತೆಗೆಯಲು ಕ್ಷಾರದ ಕುದಿನೀರು ಬೇಕು. ನೆಯ್ದ ಸೀರೆಗೆ ಅದು ಕೂಡದು. ಒಂದೇ ನೂಲಿಗೆ ಮಗ್ಗಕ್ಕೆ ಮೊದಲು ಒಂದು ದ್ರವ್ಯ, ಮಗ್ಗದಿಂದ ಇಳಿದ ಮೇಲೆ ಇನ್ನೊಂದು.

೭

ಇಷ್ಟು ಸೂಕ್ಷ್ಮವಾದ ಅರಿವು ಶಾಸ್ತ್ರವಾಗಿ ಬೆಳೆಯಲಿಲ್ಲವೇಕೆ? ಹೊರದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತವಾದೀತು. ೧೮ನೆಯ ಶತಮಾನದ ನಡುವಿನವರೆಗೂ ಹಾಲೆಂಡ್, ಸ್ಕಾಟ್ಲೆಂಡ್ ದೇಶಗಳಲ್ಲಿ ನಾರುಬಟ್ಟೆಯನ್ನು ಬಿಳುಪುಗೊಳಿಸಲು ಬೂದಿಯ ಕ್ಷಾರದಲ್ಲಿ ಬೇಯಿಸಿ ಹುಳಿಮಜ್ಜಿಗೆಯಲ್ಲಿ ನೆನೆಯಿಡುತ್ತಿದ್ದರು. ನಮ್ಮ ಹಿತ್ತಿಲಲ್ಲಿದ್ದ ಎರಡು ದ್ರವ್ಯಗಳೇ ಅವು. ೧೭೫೬ರಲ್ಲಿ ಎಡಿನ್‌ಬರೋದ ಫ್ರಾನ್ಸಿಸ್ ಹೋಮ್ ಎಂಬ ವೈದ್ಯನು ಬಿಳುಪುಗೊಳಿಸುವಿಕೆಯ ಮೇಲಣ ಪ್ರಯೋಗಗಳ ಗ್ರಂಥವನ್ನು ಪ್ರಕಟಿಸಿ, ಮಜ್ಜಿಗೆಗೆ ಬದಲಾಗಿ ನೀರು ಬೆರೆಸಿದ ಗಂಧಕಾಮ್ಲವನ್ನು ಬಳಸಿ ವಾರಗಳ ಕೆಲಸವನ್ನು ಗಂಟೆಗಳಿಗೆ ಇಳಿಸಬಹುದೆಂದು ತೋರಿಸಿದನು. ೧೭೯೧ರಲ್ಲಿ ಫ್ರಾನ್ಸಿನ ಲಬ್ಲಾಂಕನು ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಅಲ್ಲಿ ಬೂದಿ ಮತ್ತು ಮಜ್ಜಿಗೆಗಳು ದೊಡ್ಡ ವ್ಯಾಪಾರದ ಖರ್ಚಿನ ಬಾಬಾಗಿದ್ದುದರಿಂದ ಅವುಗಳ ಮೇಲೆ ಪ್ರಯೋಗ ನಡೆಯಿತು, ಗ್ರಂಥ ಹುಟ್ಟಿತು. ಇಲ್ಲಿ ಅವು ಅಡುಗೆಮನೆಯ ಶೇಷವಾಗಿದ್ದುವು. ಅವುಗಳೊಡನೆ ವ್ಯಯವಾದ ಶ್ರಮಕ್ಕೆ ಬೆಲೆ ಕಟ್ಟಿದವರಿರಲಿಲ್ಲ. ಅರಿವಿನಲ್ಲಿ ವ್ಯತ್ಯಾಸವಿರಲಿಲ್ಲ, ವ್ಯತ್ಯಾಸವಿದ್ದುದು ಅದನ್ನು ಬರೆದಿಡುವ ಅಗತ್ಯ ಯಾರಿಗಿತ್ತೆಂಬುದರಲ್ಲಿ.

೮

ಕಡೆಯದಾಗಿ ಪರಿವರ್ತನೆಯ ವಿಷಯ. ೧೮೮೮ರಲ್ಲಿ ಇಂಗ್ಲೆಂಡಿನ ಸನ್‌ಲೈಟ್ ಸಾಬೂನು ಕಲ್ಕತ್ತೆಯ ಬಂದರಿಗೆ ಬಂದಿಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಿತು. ಅದರ ಫಲವಾಗಿ ಸಂಸ್ಥಾನದಲ್ಲಿಯೇ ಗಂಧದೆಣ್ಣೆ ತೆಗೆಯುವ ಉದ್ಯಮ ಹುಟ್ಟಿ, ೧೯೧೮ರ ವೇಳೆಗೆ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆ ಕೆಲಸ ಆರಂಭಿಸಿತ್ತು. ಎಸ್. ಜಿ. ಶಾಸ್ತ್ರಿಗಳ ಪರಿಶ್ರಮದಿಂದ ಮೈಸೂರು ಸ್ಯಾಂಡಲ್ ಸಾಬೂನು ಪ್ರಸಿದ್ಧಿಗೆ ಬಂತು. ಆದರೆ ಅದು ಮೈತೊಳೆಯುವ ಸಾಬೂನು. ಕಾರ್ಖಾನೆ ಇಪ್ಪತ್ತು ಮೂವತ್ತು ಮೈಲಿಯ ಅಳತೆಯಲ್ಲಿಯೇ ಇದ್ದರೂ ಈ ಹಳ್ಳಿಗಳ ಪಾತ್ರೆಗಳು ಇನ್ನೂ ಬಹುಕಾಲ ಬೂದಿಯನ್ನೇ ನಂಬಿದ್ದುವು. ಮೈಗೆ ಸಾಬೂನು ಬಂದುದಕ್ಕೂ ಪಾತ್ರೆಗೆ ಸಾಬೂನು ಬಂದುದಕ್ಕೂ ನಡುವೆ ದಶಕಗಳ ಅಂತರವಿದೆ.

ಆ ಅಂತರ ಮುಗಿದುದು ಮೂರು ಬದಲಾವಣೆಗಳಿಂದ. ಮೊದಲನೆಯದು ಲೋಹ. ೧೮೯೮ರಲ್ಲಿ ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದನು. ಈತನೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾದವನು. ಅಲ್ಯೂಮಿನಿಯಂ ಬೂದಿಯ ಕ್ಷಾರಕ್ಕೆ ಕಂದುತ್ತದೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಹರಡಿದ ಸ್ಟೇನ್‌ಲೆಸ್ ಸ್ಟೀಲಿಗಾದರೋ ಕಿಲುಬೇ ಇಲ್ಲ. ಅದಕ್ಕೆ ಹುಣಸೆಯೂ ಬೇಡ, ಕಲಾಯಿಯೂ ಬೇಡ. ಹುಣಸೆಯ ಗಸಿಗೆ ದೇವರ ಪಾತ್ರೆ, ದೀಪದ ಕಂಬಗಳಷ್ಟೇ ಉಳಿದುವು. ಎರಡನೆಯದು ನೀರು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ೧೮೯೪ರಲ್ಲಿ ಹೆಸರಘಟ್ಟದಲ್ಲಿ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯಗಳಾಗಿ ಬೆಂಗಳೂರಿಗೆ ನೀರು ಹೋಯಿತು. ಕಾಲಕ್ರಮದಲ್ಲಿ ಆ ನದಿಯೇ ಬತ್ತಿ, ಕೆರೆ ಬಾವಿಗಳ ಸ್ಥಾನಕ್ಕೆ ಆಳದ ಕೊಳವೆಬಾವಿ ಬಂತು. ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಗಸಿಗಟ್ಟುತ್ತದೆ. ಡಿಟರ್ಜೆಂಟಿಗೆ ಆ ತೊಡಕು ಕಡಮೆ. ೧೯೫೯ರಲ್ಲಿ ಸರ್ಫ್, ೧೯೬೯ರಲ್ಲಿ ಅದಕ್ಕಿಂತ ಬಹಳ ಅಗ್ಗವಾದ ನಿರ್ಮಾ ಮಾರುಕಟ್ಟೆಗೆ ಬಂದ ಮೇಲೆ ಚೌಳಿನ ಬಳಕೆ ಮರೆಯಾಗುತ್ತ ಬಂತು. ಮೂರನೆಯದು ಉರುವಲು. ಅಡುಗೆ ಅನಿಲ ಮೊದಲು ಪಟ್ಟಣಗಳಿಗೆ, ೨೦೧೬ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಬಡವರ ಮನೆಗಳಿಗೂ ವ್ಯಾಪಕವಾಗಿ ತಲುಪಿತು. ಒಲೆಯಿಲ್ಲದ ಮನೆಯಲ್ಲಿ ಬೂದಿಯಿಲ್ಲ. ಬೂದಿಯನ್ನು ಯಾರೂ ತಿರಸ್ಕರಿಸಲಿಲ್ಲ. ಅದು ಹುಟ್ಟುವುದೇ ನಿಂತಿತು.

ಈ ಪರಿವರ್ತನೆಯನ್ನು ನಷ್ಟವೆಂದು ಮಾತ್ರ ಬರೆಯುವುದು ಅನ್ಯಾಯವಾದೀತು. ಬೂದಿ, ಮರಳು, ಇಟ್ಟಿಗೆಪುಡಿಗಳು ಪಾತ್ರೆಯಷ್ಟೇ ಕೈಯನ್ನೂ ಸವೆಸುತ್ತಿದ್ದುವು. ನೀರು ಹೊತ್ತು ತಂದು, ಕುಕ್ಕರಗಾಲಲ್ಲಿ ಕುಳಿತು, ಮಸಿ ಹಿಡಿದ ಪಾತ್ರೆಯನ್ನು ತಿಕ್ಕಿದವರ ಹೊತ್ತು ಹೊಸ ದ್ರವ್ಯಗಳಿಂದ ಉಳಿಯಿತು. ಹೊಗೆಯಿಲ್ಲದ ಒಲೆಯಿಂದ ಕಣ್ಣು ಉಳಿಯಿತು. ಆದರೆ ಹಳೆಯ ಹರಿವು ಮಾತ್ರ ಕಡಿಯಿತು. ಡಿಟರ್ಜೆಂಟ್ ಬೆರೆತ ನೀರನ್ನು ದನಕ್ಕೆ ಇಡುವಂತಿಲ್ಲ. ಕೊಟ್ಟಿಗೆಯ ಕಟ್ಟಳೆ ತಪ್ಪಿದ ನೀರು ಚರಂಡಿಯ ಪಾಲಾಯಿತು. ೨೦೧೫ರ ಸುಮಾರಿಗೆ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ದಡ ಮೀರಿ ರಸ್ತೆಗೆ ಹಾರಿದುದನ್ನು ನಾಡೆಲ್ಲ ಕಂಡಿದೆ. ‘ತೊಳೆದ ನೀರು ಎಲ್ಲಿಗೆ ಹೋಗುತ್ತದೆ’ ಎಂಬ ಪ್ರಶ್ನೆ ಹಿಂದೆ ಪ್ರತಿಯೊಂದು ಮನೆಯ ಹಿತ್ತಿಲಲ್ಲಿ ಉತ್ತರ ಪಡೆಯುತ್ತಿತ್ತು. ಈಗ ಅದು ನಗರದ ಪ್ರಶ್ನೆಯಾಗಿದೆ.

೯

ಈ ಲೇಖನ ಕೇವಲ ಪೀಠಿಕೆ. ಇದರ ಮುಂದಿನ ಕೆಲಸ ಗ್ರಂಥಾಲಯದಲ್ಲಿ ಮುಗಿಯುವಂಥದಲ್ಲ. ಯಾವ ಪಾತ್ರೆಗೆ ಯಾವ ಹುಳಿ, ಎಷ್ಟು ಹೊತ್ತು ನೆನೆಯಬೇಕು, ಯಾವ ಮರದ ಬೂದಿ ಮೇಲು, ಯಾವ ಕೆರೆಯಂಗಳದ ಚೌಳು ಬಿಳುಪು ಕೊಡುತ್ತಿತ್ತು—ಇವನ್ನು ಸ್ವತಃ ಮಾಡಿ ಬಲ್ಲವರು ಈಗ ವೃದ್ಧರು. ಶಾಸನದ ಕಲ್ಲು ಇನ್ನೂ ನೂರು ವರ್ಷ ಕಾದೀತು; ಈ ಅರಿವು ಕಾಯಲಾರದು. ನಾಲ್ಕು ತಾಲ್ಲೂಕುಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯ ಹೆಂಗಸರನ್ನು, ಊರಿನ ಮಡಿವಾಳರನ್ನು, ಉಳಿದಿದ್ದರೆ ಕಲಾಯಿಗಾರರನ್ನು ಕೇಳಿ, ಅವರ ಮಾತುಗಳನ್ನು ಅವರವರ ನುಡಿಯಲ್ಲಿಯೇ ಊರು ಮತ್ತು ತಾರೀಖುಗಳೊಡನೆ ಬರೆದಿಡುವುದಾದರೆ, ಲೆಕ್ಕಕ್ಕೆ ಬಾರದೆ ಹೋದ ಒಂದು ಶ್ರಮದ ಚರಿತ್ರೆಗೆ ಮೊದಲ ಸಲ ಆಧಾರಗಳು ದೊರೆಯುವುವು.

ಅಂಗಡಿಯಲ್ಲಿ ಮಾರುವ ಪಾತ್ರೆ ತೊಳೆಯುವ ಸಾಬೂನಿನ ಹೊದಿಕೆಯ ಮೇಲೆ ಇಂದು ನಿಂಬೆಹಣ್ಣಿನ ಚಿತ್ರವಿರುತ್ತದೆ. ನಿಂಬೆ ಕೊಳೆ ಕಳೆಯುತ್ತದೆ ಎಂಬ ನಂಬಿಕೆಯನ್ನು ಆ ಸಾಬೂನು ಹುಟ್ಟಿಸಲಿಲ್ಲ; ಮೊದಲೇ ಇದ್ದ ಅರಿವನ್ನು ಅದು ಎರವಲು ಪಡೆಯಿತು. ಯಾರಿಂದ ಪಡೆಯಿತೆಂಬುದನ್ನು ಹೇಳುವುದು ಚರಿತ್ರಕಾರನ ಕೆಲಸ.